ಕಾಶವ್ವನ ಪಿಂಟ್ಯಾ ಇಂದಾಪುರಕ್ಕೆ ಹೊರಟದ್ದು

ಇಂದಾಪುರದಿಂದ ತಮ್ಮನ ಫೋನ್ ಬಂದಾಗ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ಮುರುಗೆಪ್ಪ ಅಲ್ಲಿ ಹೊಸ ಮನೆ ಕಟ್ಟಿಸಿದ್ದ.

"ಅಕ್ಕಾ, ಹೊಸ ಒಲಿ ಮ್ಯಾಲ ಹಾಲು ಉಕ್ಕಿಸಾಕಿ ನೀನ. ನೀ ಬರದ ಹೊರತು ನಾ ಒಳಗ ಕಾಲಿಡಂಗಿಲ್ಲ ನೋಡು," ಅಂದ.

ತಮ್ಮ ಇಷ್ಟು ಪ್ರೀತಿಯಿಂದ ಕರೆದರೆ ಯಾವ ಅಕ್ಕನ ಮುಖ ಅರಳುವುದಿಲ್ಲ? ಕಾಶವ್ವನ ಮುಖವೂ ಅರಳಿತು. ಆದರೆ ಹಾಲ್‌ನಲ್ಲಿ ಕುರ್ಚಿಯ ಬೆನ್ನಿನ ಮೇಲೆ ಕುಳಿತವನ ಕಡೆ ಕಣ್ಣು ಹೋದದ್ದೇ ತಡ, ಮುಖ ಇಳಿದುಹೋಯಿತು.

"ಎಲ್ಲಾರೂ ಹೋದ್ರ ಈ ಪಿಂಟ್ಯಾನ್ನ ಯಾರು ನೋಡ್ತಾರ?"

ಪಿಂಟ್ಯಾ ಎಂದರೆ ಮೊಮ್ಮಗ ಅಂದುಕೊಳ್ಳಬೇಡಿ. ಅವನು ಕಾಕಟೀಲ್ ಎಂಬ ಜಾತಿಯ ಗಿಳಿ. ಬೂದು ಮೈ, ಹಳದಿ ತಲೆ, ತಲೆಯ ಮೇಲೊಂದು ಜುಟ್ಟು, ಎರಡೂ ಕೆನ್ನೆಗೆ ಕೇಸರಿ ಬೊಟ್ಟು. ನೋಡಿದರೆ ಮದುವೆಗೆ ಹೊರಟ ಹಾಗೇ ಕಾಣುತ್ತಾನೆ.

ಅವನನ್ನು ಮೊದಲು ಸಾಕಿದ್ದು ಶೀತಲ ಎಂಬ ಮರಾಠಿ ಹುಡುಗಿ. ಕೆಲಸ ಬದಲಾಗಿ ಅವಳು ಹಾಸ್ಟೆಲ್ ಸೇರಬೇಕಾಯಿತು. ಅಲ್ಲಿ ಹಕ್ಕಿಗೆ ಜಾಗವಿಲ್ಲ. ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಲೀಲಾಕ್ಷಿ ಇದ್ದಾಳೆ. ಮೂಲ ಸೊಲ್ಲಾಪುರದವಳು, ಕಾಶವ್ವನ ಪಕ್ಕದ ಮನೆ. ಹೀಗೆ ಮನೆ ತಪ್ಪಿದ ಹಕ್ಕಿಗಳಿಗೆ ಹೊಸ ಮನೆ ಹುಡುಕಿಕೊಡುವ ಗುಂಪಿನಲ್ಲಿ ಓಡಾಡುತ್ತಾಳೆ. ಅವಳೇ ಪಿಂಟ್ಯಾನನ್ನು ತಂದು ಕಾಶವ್ವನ ಮಗ ಸಿದ್ದಾರೂಢ ಮತ್ತು ಸೊಸೆ ಶಿವಾನಿಯ ಕೈಗೊಪ್ಪಿಸಿದ್ದಳು.

ಬಂದ ಹೊಸದರಲ್ಲಿ ಪಿಂಟ್ಯಾ ಮೂಲೆ ಹಿಡಿದು ಕುಳಿತಿದ್ದ. ಕೈ ಚಾಚಿದರೆ ಕಚ್ಚುತ್ತಿದ್ದ. "ಬಿಟ್ಟು ಬಂದ ಮನಿ ನೆನಪು ಅವಗ. ಪುರಸೊತ್ತು ಕೊಡ್ರಿ," ಎಂದಿದ್ದಳು ಲೀಲಾಕ್ಷಿ. ಕಾಶವ್ವನೋ ಮೂಗು ಮುರಿದಿದ್ದಳು. "ಮನಿ ತುಂಬ ಹೊಟ್ಟು, ಪುಕ್ಕ. ನನಗೇನೂ ಹಕ್ಕಿ ಹುಚ್ಚಿಲ್ಲವಾ."

ಒಂದು ದಿನ ಕಾಶವ್ವ ರೊಟ್ಟಿ ಬಡಿಯುತ್ತಿದ್ದಾಗ ಹಾಲ್‌ನಿಂದ ಸೀಟಿ ಕೇಳಿಸಿತು. ಇವಳು ತಪತಪ ಬಡಿದರೆ ಅವನು ಸೀಟಿ ಹೊಡೆಯುತ್ತಾನೆ. ಇವಳು ನಿಲ್ಲಿಸಿದರೆ ಅವನೂ ಗಪ್‌ಚಿಪ್. ಮತ್ತೆ ಬಡಿದರೆ ಮತ್ತೆ ಸೀಟಿ. ಅಂದಿನಿಂದ ಕಾಶವ್ವ ಮೂವರಿಗೆ ಸಾಲುವಲ್ಲಿ ಐವರಿಗಾಗುವಷ್ಟು ರೊಟ್ಟಿ ಮಾಡತೊಡಗಿದಳು. ಹಕ್ಕಿ ಹುಚ್ಚಿಲ್ಲ ಅನ್ನುವ ಮಾತು ಮಾತ್ರ ಬಿಡಲಿಲ್ಲ.

ಈಗ ಇಂದಾಪುರದ ಪ್ರಶ್ನೆ. ಸಿದ್ದಾರೂಢ ಹೇಳಿದ, "ಕಾಳು, ನೀರು ಇಟ್ಟು ಹೋಗೋಣ ಅವ್ವ."

"ಮರತಿ ಏನು? ಸಾಸವಡದ ಮದವಿಗೆ ಹೋಗಿ ಒಂದು ರಾತ್ರಿ ಉಳದು ಬರೂದ್ರಾಗ ಎದಿ ಮ್ಯಾಲಿನ ಪುಕ್ಕಾ ತಾನ ಕಿತ್ತುಕೊಂಡಿದ್ದ," ಎಂದಳು ಶಿವಾನಿ.

ಲೀಲಾಕ್ಷಿಯ ಹತ್ತಿರ ಬಿಡೋಣವೆಂದರೆ ಅವಳೂ ಅದೇ ವಾರ ಊರಿಗೆ ಹೊರಟಿದ್ದಳು. ಆದರೆ ದಾರಿ ಅವಳೇ ತೋರಿಸಿದಳು. ಒಂದು ಸಣ್ಣ ಪ್ರಯಾಣದ ಪಂಜರ ತಂದು ಹಾಲ್‌ನಲ್ಲಿಟ್ಟಳು.

"ಕಾಕೂ, ಅವನ್ನೂ ಕರಕೊಂಡು ಹೋಗ್ರಿ. ಆದ್ರ ಹೊಂಡೂ ದಿನ ಹಿಡದು ತುರುಕಬ್ಯಾಡ್ರಿ. ಈಗಿಂದ ಇದರ ಬಾಗಲಾ ತೆರದಿಡ್ರಿ. ಒಳಗ ಅವ ತಿನ್ನೂ ಕಾಳು ಹಾಕ್ರಿ. ತಾನ ಹೋಗಿ ಬಂದು ಮಾಡ್ಲಿ. ಆಮ್ಯಾಲ ಕಾರಿನ್ಯಾಗ ಸಣ್ಣ ಸಣ್ಣ ಸುತ್ತು ಹಾಕಿಸ್ರಿ."

ಕಾಶವ್ವ ನಕ್ಕಳು. "ನನ್ನ ಮದವಿಯಾದಾಗ ನನಗ ಯಾರೂ ಇಷ್ಟು ರೂಢಿ ಮಾಡಿಸಲಿಲ್ಲವಾ. ಟ್ರಂಕಿನ ಜೋಡಿ ಬಸ್ಸಿನ್ಯಾಗ ಕುಂಡ್ರಿಸಿ ಪುಣೇಕ್ಕ ಕಳಿಸಿಬಿಟ್ರು!"

"ನೀವು ಅಳಕೋತ ಬಂದ್ರಿ ಅಲ್ಲ? ಅವಗ ಅಳಾಕೂ ಬರಂಗಿಲ್ಲ ಕಾಕೂ," ಎಂದಳು ಲೀಲಾಕ್ಷಿ. ಕಾಶವ್ವ ಎದ್ದು ಹೋಗಿ ಪಂಜರದ ಬಾಗಿಲು ತೆರೆದಿಟ್ಟಳು.

ಪಿಂಟ್ಯಾ ಪಂಜರಕ್ಕೆ ಹೊಂದಿಕೊಂಡ. ಒಂದು ಭಾನುವಾರ ಸಿದ್ದಾರೂಢ ಅವನನ್ನು ಕಾರಿನಲ್ಲಿ ಕೂರಿಸಿ ಹತ್ತಿರದಲ್ಲೇ ಒಂದು ಸುತ್ತು ಹಾಕಿಸಿ ಬಂದ. ಪಾರ್ಕಿಂಗ್‌ನಲ್ಲಿ ಇಳಿದದ್ದೇ ಸೊಸೈಟಿಯ ಮಕ್ಕಳೆಲ್ಲ ಮುತ್ತಿಕೊಂಡರು. ಒಬ್ಬ ಪಂಜರ ತಟ್ಟಿದ, ಇನ್ನೊಬ್ಬಳು ಫೋಟೋ ಹೊಡೆದಳು. ಮೇಲೆ ಬಂದ ಪಿಂಟ್ಯಾ ಪುಕ್ಕ ಉಬ್ಬಿಸಿಕೊಂಡು ಮುದುಡಿ ಕುಳಿತ. ಕಾಳು ಮೂಸಲಿಲ್ಲ. ಕಾಶವ್ವ ಬರೀ ಮಣೆಯ ಮೇಲೆ ಕೈ ಬಡಿದು ನೋಡಿದಳು. ಸೀಟಿಯೂ ಇಲ್ಲ.

"ದಣದಾನ, ಅಂಜ್ಯಾನ. ಕತ್ತಲಾಗ ಮಲಗಲಿ ಬಿಡ್ರಿ ಅತ್ತೀ," ಎಂದು ಹೇಳಿ ಶಿವಾನಿ ಅಂಗಡಿಗೆ ಹೋದಳು. ಸಿದ್ದಾರೂಢ ಒಳಕೋಣೆಯಲ್ಲಿ ಮಲಗಿದ್ದ.

"ದಣಿವಲ್ಲ ಇದು. ಎಲ್ಲಾರ ಕಣ್ಣು ಬಿದ್ದದ," ಎಂದು ಕಾಶವ್ವ ತನ್ನಷ್ಟಕ್ಕೇ ಅಂದುಕೊಂಡಳು.

ನಮ್ಮ ಕಡೆ ದೃಷ್ಟಿ ತೆಗೆಯುವುದು ಗೊತ್ತಲ್ಲ. ಮಗು ಹಾಲು ಕುಡಿಯದಿದ್ದರೆ ತೆಗೆಯುತ್ತೇವೆ, ಮದುಮಕ್ಕಳು ಬಂದರೆ ತೆಗೆಯುತ್ತೇವೆ, ಹೊಸ ಗಾಡಿಗೂ ತೆಗೆಯುತ್ತೇವೆ. ಕಾಶವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದಳು. ಪಂಜರಕ್ಕೆ ಸುತ್ತಲೂ ನಿವಾಳಿಸಿದಳು. "ಬಂದವರ ಕಣ್ಣು, ಹೋದವರ ಕಣ್ಣು, ಎಲ್ಲಾ ಸುಟ್ಟು ಹೋಗ್ಲಿ," ಎಂದು ಕಾದ ಹಂಚಿನ ಮೇಲೆ ಹಾಕಿದಳು. ಹೊಗೆಯೂ ತಗಲಲಿ ಅಂತ ಹಂಚನ್ನು ಇಕ್ಕಳದಲ್ಲಿ ಹಿಡಿದು ಪಂಜರದ ಹತ್ತಿರವೇ ತಂದಳು.

ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರೆ. ಅಂದು ಬಂದ ಘಾಟಿಗೆ ಕಾಶವ್ವನೇ ಕೆಮ್ಮಿ ಕೆಮ್ಮಿ ಸಾಕಾದಳು. "ಅಯ್ಯ, ದೃಷ್ಟಿ ಆಗಿಲ್ಲ ಹಂಗಾರ," ಎಂದು ಕಣ್ಣೊರೆಸಿಕೊಂಡು ನೋಡುತ್ತಾಳೆ, ಪಿಂಟ್ಯಾ ಕೋಲಿನ ಮೇಲಿಲ್ಲ. ಪಂಜರದ ತಳದಲ್ಲಿ ಬಿದ್ದಿದ್ದಾನೆ. ಕೊಕ್ಕು ತೆರೆದಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಜಗ್ಗುತ್ತಿದೆ.

"ಲೀಲಾ! ಲೀಲಾ, ಓಡಿ ಬಾರವಾ!"

ಲೀಲಾಕ್ಷಿ ಮಾತಾಡುತ್ತಾ ನಿಲ್ಲಲಿಲ್ಲ. ಪಂಜರ ಎತ್ತಿಕೊಂಡು ತನ್ನ ಮನೆಯ ಗಾಳಿ ಬರುವ ಕೋಣೆಗೆ ಓಡಿದಳು. "ನೀರು ಹಾಕಬ್ಯಾಡ್ರಿ, ಕೈಯಾಗ ಹಿಡೀಬ್ಯಾಡ್ರಿ. ಸಿದ್ದಾರೂಢಣ್ಣ, ಗಾಡಿ ತೆಗೀರಿ," ಎಂದಳು. ಅಷ್ಟರಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರಿಗೆ ಫೋನ್ ಕೂಡ ಮಾಡಿದ್ದಳು. ಅವರ ನಂಬರ್ ಅವಳ ಫ್ರಿಜ್ ಮೇಲೆ ಸದಾ ಅಂಟಿಸಿಟ್ಟಿರುತ್ತದೆ.

ಡಾಕ್ಟರು ಪಿಂಟ್ಯಾನನ್ನು ಆಮ್ಲಜನಕದ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹೊರಗೆ ಬೆಂಚಿನ ಮೇಲೆ ಕಾಶವ್ವ ಸೆರಗು ಬಾಯಿಗೊತ್ತಿ ಕುಳಿತಳು. ಹಕ್ಕಿ ಹುಚ್ಚಿಲ್ಲದವಳು ಗಳಗಳನೆ ಅಳುತ್ತಿದ್ದಳು.

"ನನ್ನ ಕೈಯಾರ ಕೊಲ್ಲತಿದ್ನಲ್ಲವಾ. ಪ್ರೀತೀಲೆ ಮಾಡಿದ್ದ ಲೀಲಾ, ಪ್ರೀತೀಲೆ."

"ಗೊತ್ತದ ಕಾಕೂ. ನಮಗ ಕೆಮ್ಮು ಬರ್ತದ, ಕಿಡಕಿ ತೆಗೀತೀವಿ. ಅವನ ಪುಪ್ಪುಸ ಭಾಳ ನಾಜೂಕು. ನಮಗ ಚೂರು ಅನ್ನಿಸೂ ಹೊಗಿ ಅವಗ ಕೋಣಿ ತುಂಬಿದಂಗ. ಮೆಣಸಿನಕಾಯಿ ಅಷ್ಟ ಅಲ್ಲ. ಲೋಬಾನ, ಊದಬತ್ತಿ, ಸೊಳ್ಳಿ ಬತ್ತಿ, ಸಿಗರೇಟು, ಎಲ್ಲಾ ಅವಗ ವಿಷ. ನಾನ್‌ಸ್ಟಿಕ್ ಹಂಚು ಭಾಳ ಕಾದು ಹೊಗಿ ಬಂದ್ರಂತೂ ಜೀವಾನ ಹೋಗ್ತದ."

ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು ನಕ್ಕರು. ಪಿಂಟ್ಯಾ ಕೋಲಿನ ಮೇಲೆ ಎದ್ದು ಕುಳಿತಿದ್ದ. ಔಷಧಿ ಕೊಟ್ಟು, ಪೂರ್ತಿ ಚೇತರಿಸಿಕೊಂಡ ಮೇಲೆ ಒಮ್ಮೆ ತೋರಿಸಿ ಆಮೇಲೆ ಪ್ರಯಾಣ ಮಾಡಿ ಎಂದರು. ಪುಣ್ಯಕ್ಕೆ ಗೃಹಪ್ರವೇಶಕ್ಕೆ ಇನ್ನೂ ದಿನಗಳಿದ್ದವು.

ಮರುದಿನ ಕಾಶವ್ವ ಮೆಲ್ಲಗೆ ಕೇಳಿದಳು. "ಮತ್ತ ಅವಗ ಖರೇನ ದೃಷ್ಟಿ ಆದ್ರ ಏನು ಮಾಡ್ಲಿ?"

ಲೀಲಾಕ್ಷಿ ನಗಲಿಲ್ಲ. "ತೆಗೀರಿ ಕಾಕೂ, ಯಾರು ಬ್ಯಾಡಂದ್ರು? ಉಪ್ಪು ನಿವಾಳಿಸಿ ನೀರಿಗೆ ಹಾಕ್ರಿ. ಸುಡಬ್ಯಾಡ್ರಿ, ಅಷ್ಟ. ದೃಷ್ಟಿ ತೆಗದ ಮ್ಯಾಲೂ ಮುದುಡಿ ಕುಂತ್ರ ಡಾಕ್ಟರ್ ಕಡೆ ಹೋಗ್ರಿ."

ಕಾಶವ್ವನಿಗೆ ಈ ಮಾತು ಬಹಳ ಹಿಡಿಸಿತು. ಪಿಂಟ್ಯಾ ಚೇತರಿಸಿಕೊಂಡ ಮೇಲೆ ಮತ್ತೆ ಸಣ್ಣ ಸುತ್ತುಗಳು ನಡೆದವು. ಈ ಸಲ ಪಾರ್ಕಿಂಗ್‌ನಲ್ಲಿ ಪಂಜರದ ಮುಂದೆ ಕಾಶವ್ವನೇ ನಿಂತು ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದಳು. ಒಂದು ಸುತ್ತು ಮುಗಿಸಿ ಬಂದವನೇ ಪಿಂಟ್ಯಾ ಕಾಳು ತಿಂದ. ಡಾಕ್ಟರೂ ಹೋಗಿಬನ್ನಿ ಎಂದರು.

ಹೊರಟ ದಿನ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಗಾಡಿ ಬಿಟ್ಟರು. ಪಂಜರವನ್ನು ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಬಿಗಿದರು. ಒಂದು ಬದಿಗೆ ತೆಳು ಬಟ್ಟೆ ಹೊದಿಸಿದರು, ಒಂದು ಬದಿ ಕಾಶವ್ವನ ಮುಖ ಕಾಣಲೆಂದು ಬಿಟ್ಟರು. ಒಳಗೆ ಸೌತೆಕಾಯಿ ಹೋಳು, ಬೀಜ ತೆಗೆದ ಸೇಬಿನ ಹೋಳು. ನೀರಿನ ಬಟ್ಟಲು ತುಳುಕುತ್ತದೆ, ಹೋಳಾದರೆ ಬಾಯಾರಿಕೆಯೂ ಹೋಗುತ್ತದೆ. ಏಸಿ ಗಾಳಿ ಅವನ ಮೈಮೇಲೆ ನೇರ ಬೀಳದಂತೆ ತಿರುಗಿಸಿದರು.

ದಾರಿಯಲ್ಲಿ ಸಿದ್ದಾರೂಢನಿಗೆ ಹಾಡು ಬೇಕಾಯಿತು. "ಸಣ್ಣಗ ಹಚ್ಚು," ಎಂದಳು ತಾಯಿ. ಭಿಗವಣದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವನು "ಪಂಜರ ಗಾಡ್ಯಾಗ ಇರಲಿ ಬಾ ಅವ್ವ," ಎಂದ.

"ಬಿಸಲಾಗ ಕಾರು ಮುಚ್ಚಿ ಬಿಟ್ರ ಹಂಚಿನಂಗ ಕಾಯ್ತದ. ನೀವು ಕುಡದು ನನಗೊಂದು ಕಪ್ ತಂದುಕೊಡ್ರಿ," ಎಂದಳು. ನೆರಳಲ್ಲಿ ಪಂಜರದ ಪಕ್ಕ ಕುಳಿತೇ ಚಹಾ ಕುಡಿದಳು. ಪಂಜರದ ಬಾಗಿಲು ಮಾತ್ರ ತೆರೆಯಲಿಲ್ಲ. ಪಿಂಟ್ಯಾನಿಗೂ ಚಹಾ ಕೊಡಲಿಲ್ಲ, ಚುರುಮುರಿಯನ್ನೂ ಕೊಡಲಿಲ್ಲ.

ಇಂದಾಪುರದಲ್ಲಿ ಕಾಶವ್ವ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಪೂರ್ವಕ್ಕೇ ಉಕ್ಕಿತು, ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನವರು ಹಾಲ್‌ನಲ್ಲಿ ಹೋಮಕ್ಕೆ ಸಮಿತ್ತು ಜೋಡಿಸತೊಡಗಿದರು. ಕಾಶವ್ವ ನೋಡಿದಳು. ಒಳಕೋಣೆಯಿಂದ ಪಂಜರ ಎತ್ತಿಕೊಂಡು ಎದುರು ಮನೆಯ ಕಟ್ಟೆಗೆ ನಡೆದಳು.

"ಅಕ್ಕಾ! ಹೋಮ ಸುರು ಆಗ್ತದ. ಮನಿ ಹಿರೇಮಗಳು ನೀನ ಹೊರಗ ಕುಂತ್ರ ಮಂದಿ ಏನಂತಾರ?" ಎಂದು ಮುರುಗೆಪ್ಪ ಬಾಗಿಲಿಗೆ ಬಂದು ಕೂಗಿದ.

"ಅನ್ನಾವ್ರು ಅನ್ಲಿ. ನನ್ನ ಕೆಲಸ ಹಾಲು ಉಕ್ಕಿಸೂದು, ಉಕ್ಕಿಸೀನಿ. ಹೊಗಿ ಆರಲಿ, ಆಮ್ಯಾಲ ಬರ್ತೀನಿ."

ಊಟದ ಹೊತ್ತಿಗೆ ಮುರುಗೆಪ್ಪನ ಸಿಟ್ಟು ಇಳಿದಿತ್ತು. "ಹಿಂದ ಕಬ್ಬಿನ ಹೊಲ ಅದ. ಬಿಟ್ಟುಬಿಡು ಅದನ್ನ. ಪುಣ್ಯನೂ ಬರ್ತದ, ನಿನಗ ಕಾಯೂದೂ ತಪ್ಪತದ," ಎಂದ.

"ಮುರುಗ್ಯಾ, ಇವ ಪಂಜರದಾಗ ಹುಟ್ಟಿ ಮನುಷ್ಯಾರ ಕೈಯಾಗ ಬೆಳದಾವ. ಕಾಳು ಹುಡುಕಾಕ ಬರಂಗಿಲ್ಲ, ಕಾಗಿ ಬೆಕ್ಕಿನ ಅಂಜಿಕಿ ಗೊತ್ತಿಲ್ಲ. ಸಂಜಿತನಾ ಉಳಿಯಂಗಿಲ್ಲ. ಅದು ಪುಣ್ಯೇನು?"

"ಹಂಗಾದ್ರ ನಾನೂ ಸಂತ್ಯಾಗ ಒಂದು ಹಸರು ಗಿಳಿ ತರ್ತೀನಿ, ನೀ ಕಲಿಸಿಕೊಡು."

"ಹಾಂ, ಹಾಂ! ಅದು ನಮ್ಮ ಅಡವಿ ಗಿಳಿ. ಅದನ್ನ ಹಿಡಿಯೂದು, ಮಾರೂದು, ಸಾಕೂದು ಎಲ್ಲಾ ಕಾಯ್ದೆಕ್ಕ ವಿರುದ್ಧ. ಅದು ಗಿಡದಾಗ ಇರಲಿ." ಲೀಲಾಕ್ಷಿ ಹೇಳಿದ ಮಾತು ಕಾಶವ್ವನ ಬಾಯಲ್ಲಿ ಅವಳದೇ ಆಗಿಹೋಗಿತ್ತು. ಶಿವಾನಿ ತಲೆ ತಗ್ಗಿಸಿ ನಕ್ಕಳು.

ಮಾತೇನೋ ಜೋರು, ಒಳಗೊಳಗೆ ಕಾಶವ್ವನಿಗೆ ಸಮಾಧಾನವಿರಲಿಲ್ಲ. ಬಂದಾಗಿನಿಂದ ಪಿಂಟ್ಯಾ ಸೌತೆಕಾಯಿ ತಿಂದಿದ್ದ, ಉಸಿರು ಸರಿಯಾಗಿತ್ತು, ಆದರೆ ಒಂದೂ ಸೀಟಿ ಹೊಡೆದಿರಲಿಲ್ಲ. ಒಮ್ಮೆ ಮನೆ ಕಳೆದುಕೊಂಡ ಹಕ್ಕಿ. ಇಲ್ಲಿಯೂ ತನ್ನನ್ನು ಬಿಟ್ಟು ಹೋಗುತ್ತಾರೆ ಅಂದುಕೊಂಡನೇ ಎಂದು ಅವಳು ಮತ್ತೆ ಮತ್ತೆ ಪಂಜರದ ಹತ್ತಿರ ಹೋಗಿ ನೋಡಿ ಬಂದಳು.

ಸಂಜೆ ನೆಂಟರು ಹೋದ ಮೇಲೆ ಅವಳು ತಮ್ಮನ ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಹೊಸ ಅಡುಗೆಮನೆಯಲ್ಲಿ ತಾನೇ ಹಿಟ್ಟು ನಾದಿಕೊಂಡು ಕುಳಿತಳು. ಪಂಜರ ದೂರದ ಕೋಣೆಯಲ್ಲಿ, ಕಿಟಕಿಯ ಹತ್ತಿರ. ಮೊದಲ ರೊಟ್ಟಿ ಬಡಿದಳು. ಏನೂ ಇಲ್ಲ. ಎರಡನೆಯದು ತಟ್ಟಲು ಶುರು ಮಾಡಿದಳು, ತಪತಪ, ತಪತಪ.

ಒಳಗಿನಿಂದ ಸೀಟಿ ಬಂತು.

ಕಾಶವ್ವ ಕೈ ನಿಲ್ಲಿಸಿದಳು. ಸೀಟಿಯೂ ನಿಂತಿತು. ಮತ್ತೆ ಬಡಿದಳು. ಅವನು ಮನೆ ತುಂಬ ಸೀಟಿ ಹೊಡೆದ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅವಳು ತಮ್ಮನಿಗೆ ಹೇಳಿದಳು, "ಈಗ ತುಂಬ್ತು ನೋಡು ನಿನ್ನ ಮನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಯಾರೋ ಸಾಕಲಾಗದೆ ಬಿಟ್ಟ ಹಕ್ಕಿಯನ್ನು ನೀವು ಮನೆಗೆ ತಂದಿದ್ದರೆ ಅದು ದೊಡ್ಡ ಕೆಲಸ. ಆದರೆ ಅದಕ್ಕೆ ನಿಮ್ಮ ಮನೆ ಗುರುತಾಗಲು ಸಮಯ ಕೊಡಿ. ಉಪ್ಪು, ಖಾರ, ಚಹಾ, ಚಾಕೊಲೇಟ್ ಕೊಡಬೇಡಿ. ಊರಿಗೆ ಹೊರಟರೆ ಮುಂಚೆಯೇ ಪಂಜರ ರೂಢಿ ಮಾಡಿಸಿ, ಮುಚ್ಚಿದ ಗಾಡಿಯಲ್ಲಿ ಒಂಟಿಯಾಗಿ ಬಿಡಬೇಡಿ. ಹಕ್ಕಿ ಪುಕ್ಕ ಉಬ್ಬಿಸಿ ಮುದುಡಿ ಕುಳಿತರೆ, ಬಾಯಿ ತೆರೆದು ಉಸಿರಾಡಿದರೆ ಕಾಯುತ್ತಾ ಕೂರದೆ ಹಕ್ಕಿಗಳ ಡಾಕ್ಟರಿಗೆ ತೋರಿಸಿ. ಅವರ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ. ಇನ್ನು ದೃಷ್ಟಿ ತೆಗೆಯುವ ಮನಸ್ಸಾದರೆ ಧಾರಾಳವಾಗಿ ತೆಗೆಯಿರಿ. ಮೆಣಸಿನಕಾಯಿಗೆ ಕೈ ಹಾಕುವ ಮುಂಚೆ ಮಾತ್ರ ಪಂಜರ ಎಲ್ಲಿದೆ ಅಂತ ಒಮ್ಮೆ ತಿರುಗಿ ನೋಡಿ.