ಏಳನೆಯ ಕಾಲಂ

ಗುಬ್ಬಿಗೆ ಹೊಟ್ಟೆಕಿಚ್ಚು ಶುರುವಾದದ್ದು ತೊಟ್ಟಿಲಲ್ಲೇ ಇರಬೇಕು. ದೊಡ್ಡಮ್ಮನ ಮಗಳು ಪಟಾಕಿ ಇವಳಿಗಿಂತ ನಾಲ್ಕೇ ತಿಂಗಳು ದೊಡ್ಡವಳು. ಅಷ್ಟಕ್ಕೇ ಜೀವಮಾನವಿಡೀ ‘ಅಕ್ಕ’ ಎನ್ನಬೇಕಾಯಿತು. ಅಡ್ಡಹೆಸರುಗಳು ಮನೆಯವರು ಇಟ್ಟವು. ಅವಳು ಬಾಯಿ ತೆರೆದರೆ ನಾಲ್ಕು ಮನೆಗೆ ಕೇಳುತ್ತಿತ್ತು. ಇವಳು ಬಾಯಿ ತೆರೆದದ್ದು ಪಕ್ಕದಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ.

ಗುಬ್ಬಿಗೆ ಮಾನದಂಡಗಳ ಕಚೇರಿಯಲ್ಲಿ ಕೆಲಸ. ಹಲವು ದೇಶಗಳು ಸೇರಿ ಒಂದು ನಿಯಮ ಮಾಡುವಾಗ ಮೊದಲು ಕರಡು ಬರುತ್ತದೆ. ಪ್ರತಿ ದೇಶವೂ ತನ್ನ ಆಕ್ಷೇಪಗಳನ್ನು ಏಳು ಕಾಲಂಗಳ ನಮೂನೆಯಲ್ಲಿ ತುಂಬಿ ಕಳಿಸಬೇಕು. ಐದು ವರ್ಷದಿಂದ ಆ ನಮೂನೆಯನ್ನು ತಿದ್ದಿ ತೀಡಿ ಕಳಿಸುತ್ತಿದ್ದವಳು ಇವಳೇ. ಆರನೆಯ ಕಾಲಂನಲ್ಲಿ ಕರಡಿನ ತಪ್ಪೇನು ಎಂದು ಬರೆಯಬೇಕು, ಏಳನೆಯದರಲ್ಲಿ ಅದರ ಬದಲು ಏನಿರಬೇಕು ಎಂದು. ಏಳನೆಯದು ಖಾಲಿಯಿದ್ದರೆ ಆಕ್ಷೇಪವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಬರೀ ದೂರುವವರಿಗೆ ಅಲ್ಲಿ ಜಾಗವಿಲ್ಲ.

ಈ ಸಲದ ಕರಡು ನೂಲಿಗೆ ಬಣ್ಣ ಹಾಕುವ ಶೆಡ್ಡುಗಳ ನೀರಿನದು. ಶುದ್ಧ ಮಾಡಿ ಮತ್ತೆ ಬಳಸುವ ನೀರನ್ನು ಪರೀಕ್ಷೆಗೆ ಕಳಿಸಬೇಕು, ಐಸ್ ಪೆಟ್ಟಿಗೆಯಲ್ಲಿಟ್ಟ ಮಾದರಿ ಆರು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು ಎಂದಿತ್ತು. ಸಣ್ಣ ಊರಿನ ಶೆಡ್ಡಿನಿಂದ ಪ್ರಯೋಗಾಲಯಕ್ಕೆ ಒಂದು ದಿನದ ದಾರಿ. ನೀರು ಎಷ್ಟೇ ಚೊಕ್ಕಟವಿದ್ದರೂ ಅವರು ಫೇಲು. ಫೇಲಾದವರ ನೂಲನ್ನು ಹೊರದೇಶದವರು ಕೊಳ್ಳುವುದಿಲ್ಲ. ಇದನ್ನು ಮೊದಲು ಹಿಡಿದದ್ದು ಗುಬ್ಬಿ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಅದೇ ಕಟ್ಟಡದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಪಟಾಕಿಗೆ ಮೆಲ್ಲಗೆ ಹೇಳಿದ್ದಳು. ಮರುದಿನ ಪಟಾಕಿ ಅದನ್ನೇ ಸಮಿತಿಯ ಎದುರು ಗಟ್ಟಿಯಾಗಿ ಹೇಳಿದಳು. ನಿರ್ದೇಶಕರು ಮೇಜು ತಟ್ಟಿದರು.

“ಅಂತರರಾಷ್ಟ್ರೀಯ ಸಭೇಲಿ ನಮ್ಮ ಪರವಾಗಿ ನೀವೇ ಮಾತಾಡಿ ಮೇಡಂ. ನಮೂನೆಯೆಲ್ಲ ಇವರು ನೋಡ್ಕೋತಾರೆ.”

‘ಇವರು’. ಐದು ವರ್ಷ ದುಡಿದದ್ದಕ್ಕೆ ಸಿಕ್ಕ ಹೆಸರು.

ಸಂಜೆ ಮನೆಗೆ ಹೋದರೆ ಅಮ್ಮ ಕಾದೇ ಕೂತಿದ್ದಳು. “ನಿಮ್ಮ ದೊಡ್ಡಮ್ಮ ಫೋನ್ ಮಾಡಿದ್ಲು. ಪಟಾಕಿ ದೇಶದ ಪರವಾಗಿ ಮಾತಾಡ್ತಾಳಂತೆ. ನೀನೂ ಅಲ್ಲೇ ಇರ್ತೀಯಲ್ಲ, ನಿಂದೇನು ಕೆಲಸ?”

“ಕಾಲಂ ನೋಡೋದು.”

“ಅದೂ ಬೇಕಲ್ಲ ಬಿಡು,” ಎಂದಳು ಅಮ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಕ್ಷೇಪ ಕಳಿಸುವ ಕೊನೆಯ ದಿನ ಪಟಾಕಿ ತುಂಬಿದ ನಮೂನೆ ಗುಬ್ಬಿಯ ಮೇಜಿಗೆ ಬಂತು. ಆರನೆಯ ಕಾಲಂ ಭರ್ತಿ, ಏಳನೆಯದು ಬಿಳಿ. ಅಲ್ಲಿ ಕೂರಬೇಕಾದ ವಾಕ್ಯ ವಾರದಿಂದ ಗುಬ್ಬಿಯ ನಾಲಿಗೆಯ ತುದಿಯಲ್ಲೇ ಇತ್ತು. ‘ಅವಳದಲ್ಲವೇ ಆಕ್ಷೇಪ, ಕೈಹಾಕಲು ನಾನ್ಯಾರು’ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಹಾಗೆಯೇ ಕಳಿಸಿಬಿಟ್ಟಳು. ಹಿತವಾಯಿತು. ಚೂರು ಹೆಚ್ಚೇ ಹಿತವಾಯಿತು.

ಸಭೆಯ ದಿನ ಗೋಡೆಯ ಪರದೆಯ ಮೇಲೆ ಇಪ್ಪತ್ತೆರಡು ದೇಶಗಳ ಮುಖಗಳು. ಪಟಾಕಿ ಮೈಕಿನ ಮುಂದೆ, ಗುಬ್ಬಿ ಪಕ್ಕದಲ್ಲಿ ಟಿಪ್ಪಣಿ ಬರೆಯಲು. ಇವರ ಸರದಿ ಬಂದಾಗ ಅಧ್ಯಕ್ಷೆ ಕನ್ನಡಕ ಸರಿಸಿಕೊಂಡು ನಮೂನೆ ನೋಡಿದರು.

“ಬದಲಿ ವಾಕ್ಯವನ್ನೇ ಕೊಟ್ಟಿಲ್ಲ. ವಿರಾಮ ಮುಗಿಯುವುದರೊಳಗೆ ಕೊಟ್ಟರೆ ಸರಿ, ಇಲ್ಲವಾದರೆ ಇದನ್ನು ಕೈಬಿಡುತ್ತೇವೆ.”

ಪಟಾಕಿಯ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಹುಟ್ಟಿದಾಗಿನಿಂದ ಗುಬ್ಬಿ ಕಾದಿದ್ದ ನೋಟವದು. ಒಂದು ಗುಟುಕು ಸವಿದಳು. ಎರಡನೆಯದಕ್ಕೆ ಮುಂಚೆ ನೀಲಿ ಕೈಗಳೆರಡು ನೆನಪಾದವು. ಹಿಂದಿನ ವರ್ಷ ನೋಡಿ ಬಂದ ಶೆಡ್ಡಿನಲ್ಲಿ ಮಣಿಕಟ್ಟಿನವರೆಗೂ ನೀಲಿಯಾಗಿದ್ದ ಹೆಂಗಸೊಬ್ಬಳು, ಶುದ್ಧ ಮಾಡಿದ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು, “ನೋಡಮ್ಮ, ಆಚೆ ನಿಂತಿರೋರ ಮುಖ ಕಾಣುತ್ತೆ,” ಎಂದಿದ್ದಳು.

ವಿರಾಮ ಹದಿನೈದು ನಿಮಿಷ. ಪಟಾಕಿ ಮೈಕು ಆರಿಸಿ ತಿರುಗಿದಳು.

“ಏಳನೇದನ್ನ ನೀನು ಬರೀಲಿಲ್ವೇನೇ?”

“ನಿನ್ನ ಆಕ್ಷೇಪಕ್ಕೆ ನಾನ್ಯಾಕೆ ಬರೀಲಿ?”

“ನಂದಾ? ಶಾಲೇಲಿ ಭಾಷಣ ಬರೀತಿದ್ದೋರು ಯಾರು, ಹೇಳ್ತಿದ್ದೋರು ಯಾರು? ನನಗೆ ವಾಕ್ಯ ಕಟ್ಟೋಕೆ ಬರಲ್ಲ ಕಣೇ. ನಿನಗೇ ಅಂತ ಜಾಗ ಬಿಟ್ಟಿದ್ದೆ.”

“ಊರಿಗೆಲ್ಲ ಸಾರ್ತೀಯ, ನನಗೊಂದು ಮಾತು ಹೇಳಕ್ಕಾಗ್ಲಿಲ್ವಾ?”

“ನಿನಗೆ ಯಾವತ್ತು ಹೇಳ್ಬೇಕಾಗಿತ್ತು?”

ಗುಬ್ಬಿ ಕೀಲಿಮಣೆ ಎಳೆದುಕೊಂಡಳು. ‘ಆರು ಗಂಟೆಯೊಳಗೆ ತಲುಪಲಾಗದ ಕಡೆ, ಮಾದರಿಗೆ ತೆಗೆದ ಜಾಗದಲ್ಲೇ ಕೆಡದಂತೆ ಆಮ್ಲ ಬೆರೆಸಿ ಬಿಗಿಯಾಗಿ ಮುಚ್ಚಿ, ಎರಡು ದಿನದೊಳಗೆ ಪರೀಕ್ಷಿಸಬಹುದು.’ ಎರಡೇ ನಿಮಿಷ ಹಿಡಿಯಿತು.

ವಿರಾಮದ ಬಳಿಕ ಪಟಾಕಿ ಅದನ್ನು ಗಂಟೆ ಹೊಡೆದ ಹಾಗೆ ಓದಿದಳು. ನಾಲ್ಕು ದೇಶಗಳು ದನಿಗೂಡಿಸಿದವು. ಅವರಲ್ಲೂ ದೂರದ ಊರುಗಳಿದ್ದವು. ಅಧ್ಯಕ್ಷೆ ಒಪ್ಪಿ, “ಅಚ್ಚುಕಟ್ಟಾಗಿ ಬರೆದಿದ್ದೀರಿ,” ಎಂದು ಪಟಾಕಿಯತ್ತ ನಕ್ಕರು. ಪಟಾಕಿ ‘ನಾನಲ್ಲ’ ಎಂದು ಇವಳತ್ತ ಕೈ ತೋರಿಸುವಷ್ಟರಲ್ಲಿ ಪರದೆ ಮುಂದಿನ ಪುಟಕ್ಕೆ ಹೋಗಿತ್ತು. ಗುಬ್ಬಿ ತನ್ನ ಕೈಯಾರೆ ಟಿಪ್ಪಣಿಯಲ್ಲಿ ಅಕ್ಕನ ಹೆಸರು ಬರೆದಳು.

ಮೆಟ್ಟಿಲಿಳಿಯುವಾಗ ತಡೆಯಲಾಗಲಿಲ್ಲ. “ಅಕ್ಕ, ಖಾಲಿ ಇದ್ದದ್ದನ್ನ ನಾನು ನೋಡಿದ್ದೆ. ನೋಡಿಯೇ ಕಳಿಸಿದ್ದು.”

“ಗೊತ್ತು. ನೀನು ನೋಡದ ಕಾಲಂ ಯಾವುದಿದೆ?” ಪಟಾಕಿ ತಿರುಗಿಯೂ ನೋಡಲಿಲ್ಲ. “ಬಾ, ಚಹಾ ಮುಗಿದುಹೋಗುತ್ತೆ.”

ಅಷ್ಟೇ. ಒಂದು ಬೈಗುಳವಿಲ್ಲ, ಮುನಿಸಿಲ್ಲ. ಕ್ಷಮಿಸುವುದರಲ್ಲೂ ಅವಳೇ ಮುಂದೆ. ಗುಬ್ಬಿಗೆ ಮತ್ತೆ ಹೊಟ್ಟೆಕಿಚ್ಚು. ಕ್ಯಾಂಟೀನಿನ ಸಾಲಿನಲ್ಲಾದರೂ ತಾನು ಮುಂದೆ ನಿಲ್ಲಬೇಕೆಂದು ಅಕ್ಕನನ್ನು ದಾಟಿ ಎರಡೆರಡು ಮೆಟ್ಟಿಲು ಹಾರಿ ಇಳಿದಳು.