ಹೆರಿಗೆಗೆ ಮೊದಲೇ ಹಂಚಿದ ಜಿಲೇಬಿ

ಸರ್ವಮಂಗಳಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಗುಬ್ಬಿಯ ನಮ್ಮ ಬೀದಿಯವರು ನನ್ನ ಬಗ್ಗೆ ಹೇಳುತ್ತಾರೆ. ಇರಬಹುದು. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದೆ ಹಿಟ್ಟಿನ ಮಿಲ್ಲು ನಡೆಸುವವಳಿಗೆ ಕೋಪ ಬರದೆ ಇನ್ನೇನು ಬರುತ್ತೆ? ರಾಗಿ ಬೀಸಿಸಲು ಬರುವ ಹೆಂಗಸರು ಡಬ್ಬದ ಜೊತೆ ಬೀದಿಯ ಸುದ್ದಿಯನ್ನೂ ಹೊತ್ತು ತರುತ್ತಾರೆ. ಮಿಷನ್ನಿನ ಸದ್ದಿಗೆ ಕೇಳುವುದಿಲ್ಲ ಅಂತ ಅದನ್ನು ಕೂಗಿ ಕೂಗಿ ಹೇಳುತ್ತಾರೆ. ಹೀಗೆ ಕೂಗುವವರಲ್ಲಿ ಮೊದಲನೆಯವಳು ಎದುರು ಮನೆಯ ಸುಬ್ಬಲಕ್ಷ್ಮಮ್ಮ.

ನನಗೆ ಒಬ್ಬಳೇ ಮಗಳು, ಸುಮನಾ. ಕುಣಿಗಲ್ಲಿಗೆ ಕೊಟ್ಟಿದ್ದೇವೆ. ಅಳಿಯ ರೇಣುಕಾಪ್ರಸಾದ್ ಅಲ್ಲೇ ಹೈಸ್ಕೂಲಿನಲ್ಲಿ ಮೇಷ್ಟ್ರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ಏಳನೇ ತಿಂಗಳಲ್ಲಿ ಬಳೆ ತೊಡಿಸಿ ಕರೆದುಕೊಂಡು ಬಂದೆವು. ಒಂಬತ್ತು ತುಂಬುತ್ತಾ ಬಂದ ಹಾಗೆ ಅವಳ ಪಾಡು ನೋಡಬೇಕಿತ್ತು. ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಎರಡು ತುತ್ತು ಉಂಡರೆ ಎದೆಯುರಿ. ರಾತ್ರಿಯೆಲ್ಲ ಬಚ್ಚಲಿಗೂ ಹಾಸಿಗೆಗೂ ಓಡಾಟ. ಎಡಗಡೆಗೇ ಮಲಗಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ ಮನೆಯಲ್ಲಿದ್ದ ದಿಂಬೆಲ್ಲ ಅವಳ ಸುತ್ತಲೇ ಸೇರಿಕೊಂಡು, ನಮ್ಮ ಯಜಮಾನರು ವೀರಭದ್ರಯ್ಯನವರು ಟವೆಲ್ ಸುತ್ತಿ ತಲೆಗಿಟ್ಟುಕೊಂಡು ಮಲಗುತ್ತಿದ್ದರು.

ಆ ತಿಂಗಳು ನಾವು ಎರಡು ಸಲ ತುಮಕೂರಿನ ಆಸ್ಪತ್ರೆಗೆ ಹೋಗಿ ಬರಿಗೈಲಿ ಬಂದಿದ್ದೆವು. ಮೊದಲನೇ ಸಲ ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡಿತು. ನಾನು ಬಿಸಿನೀರಿನ ಫ್ಲಾಸ್ಕು, ಹಳೇ ಮೆತ್ತನೆ ಸೀರೆಯ ಬಟ್ಟೆಗಳು ಎಲ್ಲ ಹೊಂದಿಸಿ, ಪುಟ್ಟರಂಗಯ್ಯನ ಬಾಡಿಗೆ ಆಮ್ನಿ ವ್ಯಾನು ಕರೆಸಿ, ಟೈರಿನ ಕೆಳಗೆ ನಿಂಬೆಹಣ್ಣಿಟ್ಟು, ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತು ನೋಡುವ ಹಾಗೆ ಹೊರಟೆ. ಆಸ್ಪತ್ರೆಯಲ್ಲಿ ಎರಡು ಗಂಟೆ ಕೂರಿಸಿದರು. ನೋವು ತಾನಾಗೇ ಇಳಿಯಿತು. ಇದು ಸುಳ್ಳು ನೋವು, ನಿಜವಾದದ್ದು ಬಿಟ್ಟು ಬಿಟ್ಟು ಬಂದರೂ ಹತ್ತಿರ ಹತ್ತಿರ ಆಗುತ್ತಾ ಹೋಗುತ್ತೆ, ನಡೆದಾಡಿದರೂ ಇಳಿಯುವುದಿಲ್ಲ ಅಂತ ಹೇಳಿ ವಾಪಸ್ಸು ಕಳಿಸಿದರು. ಐದು ದಿನ ಬಿಟ್ಟು ಮತ್ತೆ ಅದೇ ಕಥೆ.

ಎರಡನೇ ಸಲ ವಾಪಸ್ಸು ಬಂದಾಗ ಸುಬ್ಬಲಕ್ಷ್ಮಮ್ಮ ಗೇಟಿನಲ್ಲೇ ನಿಂತಿದ್ದಳು. ಫ್ಲಾಸ್ಕು ನೋಡಿ ನಕ್ಕಳು. ಮಾರನೇ ದಿನ ಮಿಲ್ಲಿನಲ್ಲಿ, ತಾನು ಮೂರು ಹೆತ್ತವಳು, ಒಂದಕ್ಕೂ ಬಸ್ಸಿನ ಮುಖ ನೋಡಲಿಲ್ಲ, ಈಗಿನ ಹುಡುಗಿಯರಿಗೆ ಹೂಸು ಬಂದರೂ ಆಸ್ಪತ್ರೆ ಅಂತ ನಾಲ್ಕು ಜನರ ಮುಂದೆ ಹೇಳಿ ಎಲ್ಲರನ್ನೂ ನಗಿಸಿದಳು. ನಾನು ಸುಮ್ಮನಿರುವವಳಲ್ಲ. ಆದರೆ ಬಾಯಿ ತೆರೆದರೆ ಹತ್ತು ಹೆತ್ತವಳಿಗೆ ಒಂದು ಹೆತ್ತವಳು ಮುಕ್ಕೋದು ಕಲಿಸಿದಳಂತೆ ಅನ್ನುತ್ತಾಳೆ ಅಂತ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಅವಳ ರಾಗಿಯನ್ನು ಸ್ವಲ್ಪ ತರಿಯಾಗೇ ಬೀಸಿ ಕೊಟ್ಟೆ.

ಅವಳ ಹಿಂದೆ ಅವಳ ಸೊಸೆ ಕೋಮಲಾ ಡಬ್ಬ ಹಿಡಿದು ನಿಂತಿದ್ದಳು. ಅವಳೂ ಬಸುರಿ, ಎಂಟನೇ ತಿಂಗಳು. ಮಾರ್ಕೋನಹಳ್ಳಿ ಕಡೆಯ ಹುಡುಗಿ, ಬಾಯಲ್ಲಿ ಮಾತು ಕಮ್ಮಿ. ಗಂಡ ಅಂಜನ್‌ಕುಮಾರ್ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಗಾರ. ಏಳರಲ್ಲಿ ತವರಿಗೆ ಕಳಿಸುವುದು ಹೇಗೋ ತಪ್ಪಿತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು ಅಂತ ಸುಬ್ಬಲಕ್ಷ್ಮಮ್ಮ ಅವಳನ್ನು ಅಲ್ಲೇ ಇಟ್ಟುಕೊಂಡಿದ್ದಳು. ಅತ್ತೆ ನಗಿಸುವಾಗ ಕೋಮಲಾ ಮಾತ್ರ ನಗಲಿಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಏನು ಅರ್ಥ ಅಂತ ನಾನು ಯೋಚಿಸಲಿಲ್ಲ.

ಗುರುವಾರ ಬೆಳಿಗ್ಗೆ ಸುಮನಾ ತಿಂಡಿ ತಿಂದು ಎಡಗಡೆಗೆ ಮಲಗಿದಳು. ಊಟವಾದ ಮೇಲೆ ಹೀಗೆ ಮಲಗಿ ಮಗು ಎಷ್ಟು ಸಲ ಅಲುಗಾಡಿತು ಅಂತ ಎಣಿಸಬೇಕು, ಎರಡು ಗಂಟೆಯೊಳಗೆ ಹತ್ತು ಆಗಬೇಕು ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ಅವಳಿಗೆ ಎಣಿಕೆ ಮರೆತುಹೋಗುತ್ತೆ, ಅದಕ್ಕೆ ಸೀಮಂತದ ಹಸಿರು ಬಳೆಗಳನ್ನೇ ಬಳಸುತ್ತಿದ್ದಳು. ಒಂದು ಸಲ ಒದ್ದರೆ ಒಂದು ಬಳೆ ಮೊಣಕೈ ಕಡೆಗೆ ಸರಿಸುವುದು. ದಿನಾ ಅರ್ಧ ಗಂಟೆಯೊಳಗೆ ಹತ್ತೂ ಮೇಲೆ ಹೋಗುತ್ತಿದ್ದವು. ಅವತ್ತು ನಾನು ಮಿಲ್ಲಿನ ಒಂದು ಸರದಿ ಮುಗಿಸಿ ಒಳಗೆ ಬಂದಾಗ ಮೂರೇ ಸರಿದಿದ್ದವು. ಎರಡು ಗಂಟೆ ಆಗಿಹೋಗಿತ್ತು.

ದಿನ ತುಂಬಿದ ಮೇಲೆ ಮಗು ಸುಮ್ಮನಾಗುತ್ತೆ, ಒಳಗೆ ಜಾಗ ಎಲ್ಲಿರುತ್ತೆ ಅಂದೆ. ಎಲ್ಲರೂ ಅನ್ನುವ ಮಾತು ಅದು, ನನ್ನ ಬಾಯಿಗೂ ಬಂತು. ಸುಮನಾ ಎದ್ದು ಕೂತಳು.

"ಅಮ್ಮ, ಜಾಗ ಕಮ್ಮಿ ಆದ್ರೂ ಆಟ ಕಮ್ಮಿ ಆಗಬಾರ್ದು ಅಂದವ್ರೆ ಡಾಕ್ಟ್ರು. ಕಮ್ಮಿ ಆದ್ರೆ ಫೋನೂ ಮಾಡ್ದೆ ಸೀದಾ ಬನ್ನಿ ಅಂದವ್ರೆ. ನೀನು ಬರ್ದಿದ್ರೆ ನಾನೊಬ್ಳೇ ಬಸ್ ಹತ್ತಿ ಹೋಗ್ತೀನಿ."

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆಗ ನನ್ನ ತಲೆಗೆ ಮೊದಲು ಬಂದದ್ದು ಮಗು ಅಲ್ಲ. ಹೊರಗೆ ಮಿಲ್ಲಿನಲ್ಲಿ ಡಬ್ಬ ಇಟ್ಟುಕೊಂಡು ಕೂತಿದ್ದ ಹೆಂಗಸರು. ಮೂರನೇ ಸಲವೂ ಹೋಗಿ ಬರಿಗೈಲಿ ಬಂದರೆ ಆಡಿಕೊಳ್ಳುವವರ ಮುಂದೆ ಜಾರಿ ಬಿದ್ದ ಹಾಗೆ. ಪುಟ್ಟರಂಗಯ್ಯನಿಗೆ ಫೋನು ಮಾಡಿ ಹಿತ್ತಿಲ ಕಡೆ ಬಾ, ಹಾರನ್ ಹೊಡೆಯಬೇಡ ಅಂದೆ. ಅವನು ಮುಂದುಗಡೆಗೇ ಬಂದು ಮದುವೆ ಗಾಡಿಯ ಹಾಗೆ ಹಾರನ್ ಬಾರಿಸಿದ.

ಸುಬ್ಬಲಕ್ಷ್ಮಮ್ಮ ಹೊರಗೆ ಬಂದಳು. "ಏನ್ ಸರ್ವಮಂಗಳಮ್ಮ, ಇವತ್ತು ಸಿಂಗಲ್ ಟಿಕೆಟ್ಟಾ, ರಿಟರ್ನಾ?"

ಮಿಲ್ಲಿನಲ್ಲಿ ಎಲ್ಲರೂ ಗೊಳ್ಳೆಂದರು. ನಾನು ತಲೆ ತಗ್ಗಿಸಿ ಗಾಡಿ ಹತ್ತಿದೆ.

ತುಮಕೂರು ತಲುಪುವವರೆಗೂ ಸುಮನಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳ ತುಟಿ ಬಿಳಿಚಿಕೊಂಡಿದ್ದನ್ನು ನೋಡಿದಾಗ ನನಗೆ ಮೊದಲ ಬಾರಿ ಭಯವಾಯಿತು. ನಗುವವರನ್ನು ನೆನೆಸಿಕೊಂಡು ಹಿತ್ತಿಲ ಬಾಗಿಲು ಹುಡುಕಿದ ನನ್ನ ಬುದ್ಧಿಗೆ ನಾನೇ ಶಾಪ ಹಾಕಿಕೊಂಡೆ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿ ಮಿಷನ್ನಿಗೆ ಜೋಡಿಸಿದರು. ಮೊದಲು ಬರೀ ಗರಗರ. ನರ್ಸು ಬೆಲ್ಟನ್ನು ಅತ್ತ ಇತ್ತ ಸರಿಸಿದಳು. ಆಮೇಲೆ ಸದ್ದು ಬಂತು, ಕುದುರೆ ಓಡಿದ ಹಾಗೆ ಟಕಟಕ ಟಕಟಕ. ಅಪ್ಪನ ಊರು ಕುಣಿಗಲ್ಲಿನ ಕುದುರೆ ಫಾರಮ್ಮಿನಿಂದಲೇ ಓಡಿ ಬರ್ತಿದೆ ನೋಡೇ ಅಂದೆ, ಅಂದವಳು ಅತ್ತುಬಿಟ್ಟೆ. ನಲವತ್ತು ನಿಮಿಷ ಹಾಗೇ ಇಟ್ಟು ನೋಡಿದರು, ಸ್ಕ್ಯಾನ್ ಮಾಡಿದರು. ಅಷ್ಟರಲ್ಲಿ ಒಳಗಿದ್ದ ಕೂಸು ಎಚ್ಚರವಾಗಿ ಬೆಲ್ಟು ಹಾರುವ ಹಾಗೆ ಒದೆಯುತ್ತಿತ್ತು. ಎಲ್ಲ ಸರಿಯಾಗಿದೆ, ಮನೆಗೆ ಹೋಗಿ, ಮತ್ತೆ ಕಮ್ಮಿ ಅನ್ನಿಸಿದರೆ ಮತ್ತೆ ಬನ್ನಿ ಅಂದರು.

ಮೂರು ಸಲ ತೊಂದರೆ ಕೊಟ್ಟೆವು ಅಂತ ನಾನು ಕೈಮುಗಿದೆ. ಡಾಕ್ಟರು ಶಾಂತಲಾ ಅಂತ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೆ. ನನ್ನನ್ನು ನಿಲ್ಲಿಸಿ ಹೇಳಿದಳು.

"ಹತ್ತು ಸಲ ಬಂದು ವಾಪಸ್ ಹೋಗೋರ ಬಗ್ಗೆ ನನಗೆ ಭಯ ಇಲ್ಲಮ್ಮ. ಯಾರಾದ್ರೂ ನಗ್ತಾರೆ ಅಂತ ಮನೇಲೇ ಕೂತಿರ್ತಾರಲ್ಲ, ಅವರ ಬಗ್ಗೆ ಭಯ."

ಆ ಮಾತು ನನ್ನ ಬೆನ್ನಿನ ಮೇಲೆ ಬಾರಿಸಿದ ಹಾಗಿತ್ತು. ಗಾಡಿ ಹತ್ತುವ ಮುಂಚೆ ಒಂದು ಕೆಜಿ ಜಿಲೇಬಿ ಕಟ್ಟಿಸಿದೆ. ಸುಮನಾ ಯಾಕಮ್ಮ ಅಂದಳು, ಸುಮ್ಮನೆ ಕೂತುಕೋ ಅಂದೆ. ನಮ್ಮ ಬೀದಿ ಬಂದಾಗ ಪುಟ್ಟರಂಗಯ್ಯನಿಗೆ ಈಗ ಹೊಡಿಯಯ್ಯ ನಿನ್ನ ಹಾರನ್ನು ಅಂದೆ.

ಜನ ಸೇರಿದರು. ಮಗಳ ಹೊಟ್ಟೆ ಹಾಗೇ ಇದೆ, ಕೈಯಲ್ಲಿ ನೋಡಿದರೆ ಜಿಲೇಬಿ. ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಹುಟ್ಟದೇ ಇರುವ ಕೂಸಿಗೆ ಸಿಹಿ ಹಂಚುತ್ತಾರಾ, ದೃಷ್ಟಿಯಾಗುತ್ತೆ ಅಂತ ಸುಬ್ಬಲಕ್ಷ್ಮಮ್ಮ ಶುರು ಮಾಡಿದಳು. ನಾನು ಮಿಲ್ಲಿನಲ್ಲಿ ಕೂಗುವ ದನಿಯಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಮಗು ಆಡ್ತಿಲ್ಲ ಅನ್ನಿಸ್ತು, ಹೋದ್ವಿ. ಆಡ್ತಾ ಇದೆ, ವಾಪಸ್ ಬಂದ್ವಿ. ಅದಕ್ಕೇ ಈ ಸಿಹಿ. ನಾಳೆ ಅನ್ನಿಸಿದ್ರೆ ನಾಳೆನೂ ಹೋಗ್ತೀವಿ. ನಗೋರು ನಗಬೋದು."

ಯಾರೂ ನಗಲಿಲ್ಲ. ನಾನು ಎದುರು ಮನೆಯ ಬಾಗಿಲಿಗೆ ಹೋಗಿ ಕೋಮಲಾ ಕೈಗೆ ಒಂದು ಜಿಲೇಬಿ ಇಟ್ಟೆ. ಅವಳು ತಿನ್ನಲಿಲ್ಲ. ಆ ಹುಡುಗಿ ಒಂದೊಂದೇ ಮಾತು ಹೊರಗೆ ತೆಗೆದಳು.

"ಆಂಟಿ, ಎಷ್ಟ್ ಸಲ ಒದೀಬೇಕು?"

ನಿನ್ನದು ಎಷ್ಟು ಸಲ ಒದೆಯುತ್ತೆ ಅಂತ ಕೇಳಿದೆ.

"ನೆನ್ನೆ ಮಧ್ಯಾಹ್ನದಿಂದ ಗೊತ್ತಾಗ್ತಿಲ್ಲ."

ಸುಬ್ಬಲಕ್ಷ್ಮಮ್ಮನ ಮುಖದಲ್ಲಿ ರಕ್ತ ಇಳಿದುಹೋಯಿತು. ಎಂಟನೇ ತಿಂಗಳು, ಊರು ದಾಟೋದು ಅಂತ ಏನೋ ತೊದಲಿದಳು. ನನಗೆ ಬಂತು ನೋಡಿ ಕೋಪ. ಇಷ್ಟು ವರ್ಷ ಬಂದ ಕೋಪವೆಲ್ಲ ದಂಡ, ಇದೊಂದೇ ಕೆಲಸಕ್ಕೆ ಬಂದದ್ದು. ಎಂಟೋ ಒಂಬತ್ತೋ ಪಂಚಾಂಗದವರು ನೋಡಿಕೊಳ್ಳಲಿ, ಮೊದಲು ಗಾಡಿ ಹತ್ತು ಅಂತ ಕೋಮಲಾಳ ರಟ್ಟೆ ಹಿಡಿದೆ. ಸುಮನಾ ಆಗಲೇ ಕೆಳಗಿಳಿದು ಕೋಮಲಾಗೆ ಜಾಗ ಬಿಟ್ಟಿದ್ದಳು. ಸುಬ್ಬಲಕ್ಷ್ಮಮ್ಮ ಚಪ್ಪಲಿ ಕೂಡ ಹಾಕಿಕೊಳ್ಳದೆ ಹತ್ತಿದಳು. ಮಗಳನ್ನು ಯಜಮಾನರ ವಶಕ್ಕೆ ಬಿಟ್ಟು ನಾನೂ ಹೊರಟೆ.

ಅದೇ ಮಿಷನ್ನು, ಅದೇ ಬೆಲ್ಟು. ಆದರೆ ಈ ಸಲ ಕುದುರೆ ಓಡುತ್ತಿರಲಿಲ್ಲ. ಸ್ವಲ್ಪ ದೂರ ಬಂದು ಕಾಲೆಳೆದುಕೊಂಡು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಡಾಕ್ಟರು ಶಾಂತಲಾ ಅದನ್ನು ಕೇಳಿ ನರ್ಸಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಹತ್ತು ನಿಮಿಷದಲ್ಲಿ ಕೋಮಲಾಳನ್ನು ಆಪರೇಷನ್ನಿಗೆ ಕರೆದುಕೊಂಡು ಹೋದರು. ದಾರಿಯಲ್ಲೇ ಫೋನು ಮಾಡಿದ್ದೆವು, ಅಂಜನ್‌ಕುಮಾರ್ ಫ್ಯಾಕ್ಟರಿ ಯೂನಿಫಾರಮ್ಮಿನಲ್ಲೇ ಓಡಿ ಬಂದ. ಅವನ ಕೈಯ ಗ್ರೀಸು ರುಜು ಹಾಕಿದ ಕಾಗದಕ್ಕೂ ಮೆತ್ತಿಕೊಂಡಿತು.

ಬೆಂಚಿನ ಮೇಲೆ ನಾವಿಬ್ಬರೇ. ಸುಬ್ಬಲಕ್ಷ್ಮಮ್ಮ ನೆಲ ನೋಡುತ್ತಲೇ ಮಾತಾಡಿದಳು.

"ಬೆಳಿಗ್ಗೆ ಅವಳು ಏನೋ ಹೇಳೋಕೆ ಅಂತ ನನ್ನ ಹತ್ರ ಬಂದ್ಲು ಸರ್ವಮಂಗಳಮ್ಮ. ನಾನು ಆಗ ನಿಮ್ಮ ಮಗಳ ವಿಷ್ಯ ಹೇಳ್ಕೊಂಡು ನಗ್ತಾ ಇದ್ದೆ. ಅವಳು ಹಂಗೇ ಒಳಕ್ಕೆ ಹೋದ್ಲು."

ಚುಚ್ಚಿ ಮಾತಾಡಲು ಅದಕ್ಕಿಂತ ಒಳ್ಳೇ ಸಮಯ ನನಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದೇ ಬೆಳಿಗ್ಗೆ ನಾನೇನು ಮಾಡಿದ್ದೆ? ನಾನೂ ಹೆದರಿದ್ದು ಅದೇ ನಗುವಿಗೆ. ಅವಳ ಕೈ ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. 

ಒಳಗಿಂದ ಮಗು ಅತ್ತಿತು. ಸಣ್ಣ ದನಿ, ಆದರೆ ಬಿಡದೆ ಅತ್ತಿತು. ಹೆಣ್ಣು ಮಗು, ಎರಡು ಕೆಜಿಗೆ ಐವತ್ತು ಗ್ರಾಂ ಕಮ್ಮಿ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಉಸಿರಾಟ ಚೆನ್ನಾಗಿದೆ, ತಾಯಿಯೂ ಕ್ಷೇಮ ಅಂದರು. ಡಾಕ್ಟರು ಮಾಸ್ಕು ತೆಗೆದು, ನಾಳೆ ಬಂದಿದ್ದರೆ ಈ ಮಾತು ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಅಂದಳು. ಅಂಜನ್‌ಕುಮಾರ್ ಗೋಡೆಗೆ ಹಣೆಯಿಟ್ಟು ಅತ್ತ. ನಾನು ಮನೆಗೆ ಫೋನು ಮಾಡಿದೆ. ಸುಮನಾ ಸಂತೋಷಕ್ಕೆ ಕೂಗಿಕೊಂಡದ್ದು ಇಡೀ ಬೀದಿಗೆ ಕೇಳಿರಬೇಕು. ಗೆದ್ದೆವು ಅನ್ನಿಸಿತು ನನಗೆ, ನಮ್ಮ ಬೀದಿಗೆ ಬೀದಿಯೇ ಗೆದ್ದ ಹಾಗೆ.

ಸುಬ್ಬಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನು ತೆಗೆದಳು. ನಮ್ಮ ಬೀದಿಯ ಕೊನೇ ಮನೆಯಿಂದ ಶುರು ಮಾಡಿ ಒಂದೊಂದೇ ಮನೆಗೆ ಫೋನು ಮಾಡಿದಳು. ಮೊಮ್ಮಗಳು ಹುಟ್ಟಿದ ಸುದ್ದಿ ಒಂದೇ ಮಾತಿನಲ್ಲಿ ಮುಗಿಸಿ, ಉಳಿದದ್ದನ್ನು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದಳು: ನಾನು ನಕ್ಕೆ ಕಣೇ, ಅದಕ್ಕೇ ನನ್ನ ಸೊಸೆ ಬಾಯಿ ಬಿಡಲಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ನೆಂಟರಲ್ಲಿ ಬಸುರಿ ಇದ್ದರೆ ಹೇಳು, ಮಗು ಆಡೋದು ಕಮ್ಮಿ ಅನ್ನಿಸಿದರೆ ಕೂರಬೇಡಿ, ಬರೀ ಕಾಲಲ್ಲಾದರೂ ಹೊರಡಿ. ಆರನೇ ಮನೆಯ ಹೊತ್ತಿಗೆ ನರ್ಸು ಬಂದು, ಇದು ಆಸ್ಪತ್ರೆ, ಸ್ವಲ್ಪ ಮೆಲ್ಲಗೆ ಮಾತಾಡಿ ಅಂದಳು. ಆ ಬಾಯನ್ನು ಇಪ್ಪತ್ತೆರಡು ವರ್ಷ ಬೈದುಕೊಂಡವಳು ನಾನು. ಎದ್ದು ನಿಂತು ನರ್ಸಿಗೆ ಕೈಮುಗಿದೆ.

"ಮಾತಾಡ್ಲಿ ಬಿಡಮ್ಮ," ಅಂದೆ. "ಇನ್ನೂ ಹದಿನೆಂಟು ಮನೆ ಇದಾವೆ."