ದೆವ್ವದ ಕೂದಲು

ಲತಾಮಣಿಗೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಒಂದು ಸಣ್ಣ ಚಿಂತೆ ಅಂಟಿಕೊಂಡಿತ್ತು. ಒಂದು ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಗ್ಯಾಸಿನ ಉರಿ ಸಣ್ಣ ಮಾಡಲು ಬಗ್ಗಿದಾಗ, ಸುತ್ತಿದ್ದ ಟವೆಲು ಜಾರಿ, ನಡುನೆತ್ತಿಯಲ್ಲಿ ಕೋಳಿಮೊಟ್ಟೆಯಗಲದ ಬೋಳು ಕಂಡುಬಿಟ್ಟಿತ್ತು. ಅವ್ವನ ಕೂದಲೆಂದರೆ ಬೀದಿಯವರೆಲ್ಲ ಕಣ್ಣು ಹಾಕುವಂಥದ್ದು. ಅಂಥವಳಿಗೇ ಹೀಗಾದರೆ? ಆ ದಿನ ಡೈರಿಯಲ್ಲಿ ಬರೆದಳು: ‘ಇದು ವಂಶದ್ದಾ? ನನಗೂ ಬರುತ್ತಾ? ಅವ್ವನ ತಲೆ ನೋಡಿ ನನ್ನ ತಲೆಯ ಚಿಂತೆ ಮಾಡಿದೆನಲ್ಲ, ಥೂ.’ ಬರೆದ ಮೇಲೂ ಕನ್ನಡಿಯ ಮುಂದೆ ನಿಂತು ತನ್ನ ಬೈತಲೆಯನ್ನು ಬೆರಳಲ್ಲಿ ಅಗಲಿಸಿ ಅಗಲಿಸಿ ನೋಡಿಕೊಂಡಳು.

ಬಿ.ಎ. ಮುಗಿಸಿ ಮನೆಯಲ್ಲಿದ್ದ ಹುಡುಗಿ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಪಕ್ಕದವಳೇ ‘ಇದ್ದಾಳೆ ಸಾರ್’ ಅನ್ನಬೇಕಿತ್ತು. ಬರೆ ಅಂದರೆ ಪುಟಗಟ್ಟಲೆ ಬರೆದಾಳು, ಮಾತಾಡು ಅಂದರೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಆಗುತ್ತಿತ್ತು.

ಅವಳ ಅವ್ವ ವೆಂಕಟಲಕ್ಷ್ಮಮ್ಮ ರಾಮನಗರದ ಮಾಗಡಿ ರಸ್ತೆಯ ಉಲ್ಲಾಸವನ ಪಾರ್ಕಿನಲ್ಲಿ ದೆವ್ವ. ರೇಷ್ಮೆ ನೂಲು ತೆಗೆಯುವ ಕಡೆ ಕುದಿಯುವ ನೀರಿಗೆ ಬೆರಳದ್ದಿ ಅದ್ದಿ ಸಾಕಾಗಿ, ಲತಾಮಣಿ ಚಿಕ್ಕವಳಿದ್ದಾಗಲೇ ಕಸ ಗುಡಿಸುವ ಕೆಲಸಕ್ಕೆಂದು ಪಾರ್ಕಿಗೆ ಹೋಗಿದ್ದಳು. ಮಂಡಿ ಮುಟ್ಟುವ ಅವಳ ಕೂದಲು ನೋಡಿ ಅಲ್ಲಿಯವರು ದೆವ್ವದ ಮನೆಗೆ ಹಾಕಿದರು. ಬಿಳಿ ಸೀರೆ ಉಟ್ಟು, ಮುಖಕ್ಕೆ ಸುಣ್ಣ ಬಳಿದಂತೆ ಪೌಡರು ಮೆತ್ತಿಕೊಂಡು, ಕೂದಲನ್ನು ಮುಂದಕ್ಕೆ ಚೆಲ್ಲಿಕೊಂಡು, ಕತ್ತಲ ಓಣಿಯ ತಿರುವಿನಲ್ಲಿ ನಿಲ್ಲಬೇಕು. ಜನ ಹತ್ತಿರ ಬಂದಾಗ ಕಿರುಚಬೇಕು. ದೆವ್ವ ಯಾರೆಂದು ಹೊರಗೆ ಗೊತ್ತಾಗಬಾರದು ಅನ್ನುವುದು ಕಟ್ಟಪ್ಪಣೆ. ಹಾಗಾಗಿ ಬರುವುದೂ ಹೋಗುವುದೂ ಹಿಂಬಾಗಿಲಲ್ಲಿ.

ಈಗ ಆ ದೆವ್ವದ ಮನೆ ಒಡೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕುಲುಕುವ ಕುರ್ಚಿಯಲ್ಲಿ ಕೂತು ಡೈನೋಸಾರ್ ನೋಡುವ ಹೊಸ ಆಟ ತರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಸುದ್ದಿ ಹಬ್ಬಿದ್ದೇ ತಡ, ‘ದೆವ್ವದ ಮನೆ ಉಳಿಸಿ’ ಅಂತ ವಾಟ್ಸಾಪ್ ಗ್ರೂಪು ಹುಟ್ಟಿತು. ರಾಮನಗರ, ಚನ್ನಪಟ್ಟಣ, ಕನಕಪುರದಿಂದ ಚಿಕ್ಕಂದಿನಲ್ಲಿ ಪಾರ್ಕಿಗೆ ಬಂದು ಹೋದವರೆಲ್ಲ ಅದರೊಳಗೆ. ಲತಾಮಣಿಯೂ ಹೆಮ್ಮೆಯಿಂದಲೇ ಸೇರಿಕೊಂಡಳು. ಅವ್ವನನ್ನು ಇಷ್ಟು ಜನ ನೆನೆಸಿಕೊಳ್ಳುತ್ತಾರಲ್ಲ! ಒಂದಕ್ಷರ ಬರೆಯದೆ ಓದುತ್ತಾ ಕೂರುತ್ತಿದ್ದಳು.

ಗ್ರೂಪಿನ ಯಜಮಾನ ನರೇಂದ್ರ, ಚನ್ನಪಟ್ಟಣದ ಮೊಬೈಲ್ ಅಂಗಡಿಯವನು. ‘ನಮ್ ಬಾಲ್ಯನ ಮುಟ್ಟಿದ್ರೆ ಸುಮ್ನೆ ಇರಕಿಲ್ಲ’ ಅಂತ ದಿನಾ ಬೆಳಿಗ್ಗೆ ಒಂದು ಗುಟುರು. ಅವನಿಗೆ ಎದುರು ನಿಲ್ಲುತ್ತಿದ್ದವಳು ರಾಮನಗರದ ದಿಲ್ಶಾದ್ ಒಬ್ಬಳೇ. ‘ನರೇಂದ್ರಣ್ಣ, ನಿಮ್ ಬಾಲ್ಯ ನಿಮ್ಮನೇಲಿ ಇಟ್ಕೊಳಿ. ಅಲ್ಲಿ ಬಾವಲಿ ವಾಸ್ನೆ. ನನ್ ಮಗ ಒಳಗೇ ಕಾಲಿಡಲ್ಲ. ಹೊಸದು ಬರ್ಲಿ ಬಿಡಿ.’ ಅದಕ್ಕೆ ಅವನು, ‘ಅಕ್ಕ, ನಿಮ್ ಮಗ ಹೆದ್ರುಪುಕ್ಲ ಅಂತ ನೇರ ಹೇಳಿ.’ ಹೀಗೆ ನಡೆದಿತ್ತು ಜಗಳ.

ಒಂದು ಸಂಜೆ ಕೋಡಿಹಳ್ಳಿಯ ಚೆಲುವಯ್ಯ ಮೇಷ್ಟ್ರು, ನಿವೃತ್ತರಾದ ಡ್ರಿಲ್ ಮಾಸ್ತರು, ಉಮೇದಿನಿಂದ ಬರೆದರು: ‘ನಮ್ ಸ್ಕೂಲ್ ಟೂರಲ್ಲಿ ಒಂದು ಪಂದ್ಯ ಇಟ್ಟಿದ್ದೆ. ದೆವ್ವದ ಒಂದೆಳೆ ಕೂದ್ಲು ಕಿತ್ಕೊಂಡ್ ಬಂದೋನಿಗೆ ಕಡ್ಲೆಮಿಠಾಯಿ. ಒಂದ್ ವರ್ಷ ಅರ್ಧ ಬಸ್ಸೇ ತಂದಿತ್ತು! ಮಕ್ಕಳಿಗೆ ಧೈರ್ಯ ಬರೋದೇ ಹಿಂಗೆ.’

ಅದರ ಕೆಳಗೆ ನಗುವಿನ ಹೊಳೆ. ‘ನಮ್ ಸ್ಕೂಲಲ್ಲೂ ಇತ್ತು ಸಾರ್.’ ‘ನಾನ್ ಗೊಂಚಲೇ ತಂದಿದ್ದೆ.’ ದಿಲ್ಶಾದ್ ಕೇಳಿದಳು: ‘ಅದು ಚೌರಿನೋ, ನಿಜವಾದ್ದೋ?’

ನರೇಂದ್ರ ಬರೆದ: ‘ಚೌರಿ ಎಳುದ್ರೆ ಹಂಗ್ ಕಿರುಚ್ತದಾ ಅಕ್ಕ? ಅದೇ ಅಲ್ವಾ ಮಜಾ.’

ಲತಾಮಣಿಯ ಕೈಯಲ್ಲಿದ್ದ ಫೋನು ಕಾದ ಹೆಂಚಾಯಿತು. ವಂಶದ್ದಂತೆ! ಕನ್ನಡಿ ನೋಡಿಕೊಂಡಳಂತೆ! ಎದ್ದು ಒಳಮನೆಗೆ ಹೋದಳು. ಅವ್ವ ಗೋಡೆಗೆ ಮುಖ ಮಾಡಿ ಕೂತು ತುರುಬು ಕಟ್ಟುತ್ತಿದ್ದಳು. ಯಾವಾಗಲೂ ಹಾಗೇ, ತಲೆ ಬಾಚಲು ಮಗಳಿಗೂ ಕೊಟ್ಟವಳಲ್ಲ.

“ಅವ್ವಾ, ನಿನ್ ನೆತ್ತಿ ಯಾಕವ್ವ ಹಂಗಾಗೈತೆ?”

“ಬೋರ್‌ವೆಲ್ ನೀರು ಕಣೆ. ಎಲ್ರುಗೂ ಉದುರ್ತಾವೆ.”

“ಕಡ್ಲೆಮಿಠಾಯಿ ಆಸೆಗೆ ಕೀಳೋರೂ ಬೋರ್‌ವೆಲ್ ನೀರಾ?”

ಅವ್ವನ ಕೈ ತುರುಬಿನಲ್ಲೇ ನಿಂತಿತು. “ಯಾರಂದ್ರು ನಿಂಗೆ?” ಅಂದಳು. ಆಮೇಲೆ ಕೂದಲನ್ನು ಮತ್ತೆ ಸುತ್ತುತ್ತಾ, “ಮಕ್ಳು ಕಣವ್ವ. ಹೆದ್ರಿ ಹಿಡ್ಕತಾವೆ.”

“ಬರೀ ಮಕ್ಳಾ?”

“ಮೀಸೆ ಬಂದಿರೋ ಮಕ್ಳೂವೆ ಬತ್ತಾವೆ.” ಅವ್ವ ನಗಲು ನೋಡಿದಳು, ನಗು ಬರಲಿಲ್ಲ. “ಚೌರಿ ಕೊಡಿ ಅಂತ ಆಪೀಸ್ನಲ್ಲಿ ಕೇಳ್ದೆ. ಕೊಟ್ರು. ಒಂದೇ ವಾರಕ್ಕೆ ಅದ್ನೂ ನೋಡಕ್ ಬಂದೋರು ಕಿತ್ಕಂಡ್ ಹೊಂಟೋದ್ರು. ಇನ್ನೊಂದು ಕೇಳುದ್ರೆ, ದೇವ್ರು ಕೊಟ್ಟಿರೋದು ಐತಲ್ಲಮ್ಮ, ಇನ್ಯಾಕೆ ಅಂದ್ರು. ದೇವ್ರು ಕೊಟ್ಟಿದ್ದು ಅಂದ್ರೆ ಎಲ್ರುಗೂ ಬಿಟ್ಟಿ ನೋಡು.”

“ನೀನು ಹೇಳ್ಲೇ ಇಲ್ವಲ್ಲವ್ವ.”

“ಹೇಳಿ ನಿನ್ನ ಹೊಟ್ಟೆ ಉರಿಸ್ಲಾ? ಬುಡು. ದೆವ್ವದ ಮನೆ ಒಡೆದ್ರೆ ನನ್ನ ಜೋಳ ಸುಡೋ ಕಡೀಕೆ ಹಾಕ್ತರಂತೆ. ಹೊಗೆ ಕುಡುದ್ರೂ ಸೈ, ಬೆಳಕೈತಲ್ಲ ಮಗಾ. ಬರೋರ ಮುಖ ಕಾಣ್ತದೆ. ಕೈ ಎಲ್ಲಿ ಬತ್ತದೆ ಅಂತ ಗೊತ್ತಾಯ್ತದೆ.”

“ಒಡೀದೆ ಬಿಟ್ರೆ?”

“ಯಾವನೋ ಉಳ್ಸಿ ಉಳ್ಸಿ ಅಂತ ಬಾಯ್ ಬಡ್ಕತಾವ್ನಂತೆ. ಅವನ ಮನೆ ಹಾಳಾಗ.” ಅವ್ವ ತುರುಬಿಗೆ ಪಿನ್ನು ಚುಚ್ಚಿದಳು. “ನೀನು ಮಾತ್ರ ಎಲ್ಲೂ ಬಾಯ್ ಬುಡ್ಬೇಡ. ದೆವ್ವ ನಾನೇ ಅಂತ ಆಚೀಕೆ ಗೊತ್ತಾದ್ರೆ ಜೋಳನೂ ಇಲ್ಲ, ಗೀಳನೂ ಇಲ್ಲ.”

ಬಾಯಿ ಬಿಡಬೇಡ ಅಂತ ಲತಾಮಣಿಗೆ ಬುದ್ಧಿ ಹೇಳಿದ್ದು ಅದೇ ಮೊದಲು. ಇಷ್ಟು ವರ್ಷ ಬಿಡು ಬಿಡು ಅಂತ ಬೈಸಿಕೊಂಡವಳು ಅವಳು. ಹೊಟ್ಟೆಯೊಳಗೆ ಹೊತ್ತಿಕೊಂಡ ಸಿಟ್ಟಿಗೆ ಡೈರಿ ಸಾಲಲಿಲ್ಲ. ಪೆನ್ನು ಒತ್ತಿ ಒತ್ತಿ ಬರೆದು ಕಾಗದ ಹರಿಯಿತು. ಗುಂಪಾಗಿ ಬಂದು, ಕತ್ತಲು ಕಂಡು, ಒಬ್ಬ ಹೆಂಗಸಿನ ತಲೆಗೆ ಕೈ ಹಾಕಿ, ಅವಳು ನೋವಿಗೆ ಚೀರಿದ್ದನ್ನು ಬಾಲ್ಯವೆಂದು ಕರೆದು, ಈಗ ಅದನ್ನೇ ಉಳಿಸಿ ಅನ್ನುತ್ತಾರೆ!

ಭಾನುವಾರ ಪಾರ್ಕಿನ ಕ್ಯಾಂಟೀನಿನಲ್ಲಿ ಸಭೆ. ಮ್ಯಾನೇಜರ್ ಬಾಲರಾಜು ಎಲ್ಲರ ಮಾತು ಕೇಳಿ ಅಲ್ಲೇ ತೀರ್ಮಾನ ಹೇಳುತ್ತಾನೆಂದು ಸುದ್ದಿ. ಲತಾಮಣಿ ಹೋಗಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಕ್ಯಾಂಟೀನಿನ ಗೋಡೆಗೆ ಒತ್ತಿದಂತೆ ದೆವ್ವದ ಮನೆ. ಅವ್ವ ಅದರೊಳಗೆ ಕೆಲಸದ ಮೇಲಿದ್ದಳು.

“ಸಾರ್, ಕನ್ನಡಕದ ಆಟ ಬೆಂಗ್ಳೂರಲ್ಲಿ ಬೀದಿಗೊಂದೈತೆ. ಇಂಥಾ ದೆವ್ವ ಎಲ್ಲೈತೆ ತೋರ್ಸಿ?” ಅಂದ ನರೇಂದ್ರ.

“ನಿಮ್ ದೆವ್ವಕ್ಕೆ ರಿಟೈರ್ಮೆಂಟ್ ಇಲ್ವಾ? ಮೇಷ್ಟ್ರಿಗೇ ಆಯ್ತು,” ಅಂದಳು ದಿಲ್ಶಾದ್. ಜನ ನಕ್ಕರು.

ಚೆಲುವಯ್ಯ ಮೇಷ್ಟ್ರೂ ನಕ್ಕರು. “ಮಷೀನಿಗೇನಮ್ಮ, ಸ್ವಿಚ್ ಒತ್ತುದ್ರೆ ಕಿರುಚ್ತದೆ. ಜೀವ ಇರೋದು ಕಿರುಚಿದ್ರೇ ಅಲ್ವಾ ಮಕ್ಕಳಿಗೆ ಪಾಠ.”

ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಚೀರು ಬಂತು. ಅದು ಆಟದ ಚೀರಲ್ಲ. ಲತಾಮಣಿಗೆ ಈಗ ವ್ಯತ್ಯಾಸ ತಿಳಿಯುತ್ತಿತ್ತು. ನರೇಂದ್ರ ಕೈಯೆತ್ತಿ, “ಕೇಳಿ, ಕೇಳಿ! ಇವತ್ತಿಗೂ ಎಂಥಾ ಗಂಟ್ಲು!” ಅಂದ. ಚಪ್ಪಾಳೆ ಬಿತ್ತು. ದಿಲ್ಶಾದ್ ಮಾತ್ರ ಗೋಡೆಯ ಕಡೆ ನೋಡಿದಳು.

ಬಾಲರಾಜು ಎದ್ದು ನಿಂತ. “ಆಯ್ತಪ್ಪ. ನಿಮ್ಗೆಲ್ಲ ಇಷ್ಟು ಪ್ರೀತಿ ಇದ್ರೆ ಹೊಸಾದನ್ನ ಆ ಪಕ್ಕದ ಜಾಗಕ್ಕೆ ಹಾಕ್ತೀವಿ. ದೆವ್ವದ ಮನೆ ಇದ್ದಂಗೇ ಇರ್ಲಿ. ದೆವ್ವನೂ ಅದೇ ಇರ್ಲಿ.”

ಶಿಳ್ಳೆಗಳು ಬಿದ್ದವು. ನರೇಂದ್ರ ಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ಲ್ಯಾಮಿನೇಷನ್ ಮಾಡಿಸಿದ್ದ ಒಂದು ಚೀಟಿ ತೆಗೆದ. ಪ್ಲಾಸ್ಟಿಕ್ಕಿನ ಒಳಗೆ ಉಂಗುರದಂತೆ ಸುತ್ತಿಟ್ಟ ಉದ್ದನೆಯ ಕೂದಲುಗಳು. “ಏಳ್ನೇ ಕ್ಲಾಸಲ್ಲಿ ಕಿತ್ತಿದ್ದು ಸಾರ್. ಇದಕ್ಕೆ ಫ್ರೇಮ್ ಹಾಕ್ಸಿ ಬಾಗ್ಲಲ್ಲಿ ತೂಗಾಕಿ. ಎಲ್ಲಾರೂ ನೋಡ್ರಪ್ಪ, ಹುಷಾರು!”

ಪ್ರಸಾದ ಹಂಚಿದಂತೆ ಅದು ಕೈಯಿಂದ ಕೈಗೆ ಬಂತು. ಒಬ್ಬ ಮೂಸಿದ. ಒಬ್ಬ ಮೀಸೆಗೆ ಹಿಡಿದು ಫೋಟೋ ತೆಗೆಸಿಕೊಂಡ. ಕೊನೆಗೆ ಲತಾಮಣಿಯ ಕೈಗೆ ಬಂತು. ಅವಳು ಬೆಳಕಿಗೆ ಹಿಡಿದು ನೋಡಿದಳು. ಪ್ರತಿ ಎಳೆಯ ತುದಿಯಲ್ಲೂ ಸಾಸಿವೆಗಿಂತ ಸಣ್ಣದಾಗಿ ಬೆಳ್ಳಗೆ ಏನೋ ಇತ್ತು. ಬೇರು. ಉದುರಿದ ಕೂದಲಲ್ಲ, ಹಿಡಿದು ಕಿತ್ತದ್ದು.

ಜೋಳದ ಕೆಲಸ ಅವಳ ಕಣ್ಣ ಮುಂದೆ ಬಂತು, ಬಾಯಿ ಬುಡ್ಬೇಡ ಎಂದ ಅವ್ವನೂ ಬಂದಳು. ಆದರೆ ಜೋಳದ ಕೆಲಸವನ್ನು ಇವರು ಆಗಲೇ ಚಪ್ಪಾಳೆ ತಟ್ಟಿ ಕಿತ್ತುಕೊಂಡಾಗಿತ್ತು. ಅವಳು ಎದ್ದು ನಿಂತಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ.

“ಏನಮ್ಮ, ಭಕ್ತಿ ಜಾಸ್ತಿ ಆಯ್ತಾ? ಕೊಡಮ್ಮ ಇತ್ಲಾಗಿ,” ಅಂತ ನರೇಂದ್ರ ಕೈ ಚಾಚಿದ.

ಅವಳು ಕೊಡಲಿಲ್ಲ. ಪ್ಲಾಸ್ಟಿಕ್ಕನ್ನು ಎದೆಗೆ ಒತ್ತಿಕೊಂಡಳು.

“ಏನೋ ಅಂತಾವ್ಳೆ, ಒಸಿ ಸುಮ್ನಿರ್ರಪ್ಪ,” ಅಂದರು ಮೇಷ್ಟ್ರು. “ಜೋರಾಗ್ ಹೇಳವ್ವ, ಕೇಳಿಸ್ಲಿಲ್ಲ.”

ಗೋಡೆಯಾಚೆ ಅವ್ವ ಮತ್ತೊಮ್ಮೆ ಚೀರಿದಳು. ಈ ಸಲ ಯಾರಾದರೂ ಚಪ್ಪಾಳೆ ತಟ್ಟುವಷ್ಟರಲ್ಲಿ, ಅದೇ ಗಂಟಲು ಮಗಳಿಗೂ ಬಂದಿತ್ತೆಂದು ಕ್ಯಾಂಟೀನಿಗೆಲ್ಲ ಕೇಳಿಸಿತು.

“ಒಳಗೆ ಕಿರುಚ್ತಾ ಇರೋಳು ನಮ್ಮವ್ವ. ಇದು ನಮ್ಮವ್ವನ ತಲೆ ಕೂದ್ಲು!”